ನೋಟಬುಕ್ ತುಂಬೇತಿ, ತಲಿ ಯಾಕ ಖಾಲಿ?

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬೆಳಿಗ್ಗೆ ಗದಗಿಗೆ ಬರುವ ಬಸ್ಸುಗಳಲ್ಲಿ ಕಾಲೇಜು ಹುಡುಗ-ಹುಡುಗಿಯರದೇ ಗದ್ದಲ. ಬಗಲಲ್ಲಿ ಚೀಲ, ಚೀಲದಲ್ಲಿ ದಪ್ಪ ದಪ್ಪ ನೋಟಬುಕ್ಕು. ವರ್ಷವಿಡೀ ಬರೆದದ್ದೇ ಬರೆದದ್ದು. ಪರೀಕ್ಷೆ ಹತ್ತಿರ ಬಂತೆಂದರೆ ಮಾತ್ರ ಅದೇ ಹಾಡು: “ಎಲ್ಲಾ ಬರಕೊಂಡೇವ್ರಿ, ಓದಿದ್ರ ಏನೂ ತಿಳಿವಲ್ದು.” ಆಮೇಲೆ ಝೆರಾಕ್ಸ್ ಅಂಗಡಿಗೆ ಓಟ, ಗೈಡಿಗೆ ರೊಕ್ಕ.

ಇದರಲ್ಲಿ ಹುಡುಗರ ತಪ್ಪೆಷ್ಟು? ನೋಟ್ಸ್ ಬರೆದುಕೊಳ್ಳಿರಿ ಎಂದು ಹೇಳುವವರು ಬಹಳ. ಹ್ಯಾಗೆ ಬರೆದುಕೊಳ್ಳಬೇಕು ಎಂದು ಕಲಿಸುವವರು ಕಡಿಮೆ. ಸಾಲಿಯಲ್ಲಿ ಮಾಸ್ತರು ಹಲಗೆಯ ಮೇಲೆ ಉತ್ತರ ಬರೆದು ಬರೆಸುತ್ತಾರೆ. ಕಾಲೇಜಿನಲ್ಲಿ ಒಮ್ಮೆಲೇ ತಾಸುಗಟ್ಟಲೆ ಉಪನ್ಯಾಸ, ಅದೂ ಎಷ್ಟೋ ವಿಷಯಗಳಲ್ಲಿ ಇಂಗ್ಲಿಷು. ಕನ್ನಡ ಸಾಲಿಯಿಂದ ಬಂದ ಹುಡುಗ ಅರ್ಥ ಹುಡುಕುತ್ತ ಕೂತರೆ ಮುಂದಿನ ಮಾತು ತಪ್ಪುತ್ತದೆ. ಬರೆಯುತ್ತ ಕೂತರೆ ಅರ್ಥವೇ ತಪ್ಪುತ್ತದೆ. ಕೊನೆಗೆ ಕೈ ಮಾತ್ರ ಓಡುತ್ತದೆ, ತಲೆ ನಿಂತುಬಿಡುತ್ತದೆ.

ಚೀಟಿ ಬೇರೆ, ಖತಾವಣಿ ಬೇರೆ

ಇದರ ಗುಟ್ಟು ನಮ್ಮ ಪ್ಯಾಟಿಯ ಅಂಗಡಿಕಾರರಿಗೆ ಹೊಸದಲ್ಲ. ಹಗಲು ಗಿರಾಕಿಗಳ ಗಡಿಬಿಡಿಯಲ್ಲಿ ಚೀಟಿಯ ಮೇಲೆ ಗೀಚುವುದು. ರಾತ್ರಿ ಬಾಗಿಲು ಹಾಕುವ ಮುಂಚೆ ಕಿರ್ದಿಗೆ ಏರಿಸುವುದು. ಅಲ್ಲಿಂದ ಹೆಸರುವಾರಾಗಿ ಖತಾವಣಿಗೆ. ಎಂಟು ದಿನದ ಚೀಟಿ ಕೂಡಿಟ್ಟರೆ ಯಾರ ಬಾಕಿ ಎಷ್ಟೆಂಬುದು ಆ ಶಿವನಿಗೇ ಗೊತ್ತು! ಕ್ಲಾಸಿನಲ್ಲಿ ಬರೆದದ್ದು ಬರೀ ಚೀಟಿ. ಅದು ಖತಾವಣಿ ಆಗುವುದು ಸಂಜೆಯ ಕೆಲಸ.

ಸಂಜೆಯೇ ಯಾಕೆ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತೇನೆಂದು ಅಳೆದು, 1885ರಲ್ಲಿ ಪುಸ್ತಕ ಪ್ರಕಟಿಸಿದ. ಒಂದು ತಾಸಿನೊಳಗೆ ಅರ್ಧಕ್ಕಿಂತ ಹೆಚ್ಚು ಮಾಯ! ಅರ್ಥ ತಿಳಿದ ಪಾಠ ಅಷ್ಟು ಬೇಗ ಹಾರಿಹೋಗದು, ಖರೆ. ಆದರೆ ಮರೆವು ಮೊದಲ ದಿನವೇ ಹೆಚ್ಚು ಲೂಟಿ ಮಾಡುತ್ತದೆ ಎಂಬುದಂತೂ ಸುಳ್ಳಲ್ಲ.

ಒಂದು ಪುಟ, ಮೂರು ಪಾಲು

ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು 1950ರ ದಶಕದಲ್ಲಿ ಒಂದು ಸರಳ ಪದ್ಧತಿ ಹಾಕಿಕೊಟ್ಟರು. ಪುಟದ ಎಡಕ್ಕೆ ಎರಡೂವರೆ ಇಂಚು ಬಿಟ್ಟು ಉದ್ದ ಗೆರೆ ಎಳೆಯುವುದು. ಕೆಳಗೆ ಎರಡು ಇಂಚು ಬಿಟ್ಟು ಅಡ್ಡ ಗೆರೆ. ಕ್ಲಾಸಿನಲ್ಲಿ ಬಲಗಡೆ ಮಾತ್ರ ಬರೆಯುವುದು, ಅದೂ ಮುಖ್ಯ ಮಾತಷ್ಟೆ. ಆಮೇಲೆ ಎಡಗಡೆ ಪ್ರಶ್ನೆ, ಕೆಳಗೆ ಎರಡು ಸಾಲಿನಲ್ಲಿ ಇಡೀ ಪುಟದ ಸಾರ. ಓದುವಾಗ ಬಲಗಡೆ ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳುವುದು. ಬಂತೋ, ಕಲಿತಂತಾಯಿತು. ಬರಲಿಲ್ಲವೋ, ಕೈ ಎತ್ತಿ ನೋಡುವುದು.

ಬಿ.ಕಾಂ. ಕ್ಲಾಸಿನಲ್ಲಿ ಡಿಪ್ರಿಸಿಯೇಶನ್ ಪಾಠ ನಡೆದಿದೆ ಎನ್ನಿ. ಡಿಕ್ಟೇಶನ್ನಿನಂತೆ ಬರೆದರೆ ಎರಡು ಪುಟ. ಬೆಟಗೇರಿಯ ಹುಡುಗ ಹೀಗೆ ಬರೆದುಕೊಳ್ಳಬಹುದು: “ಮಗ್ಗ 50,000 ರೂ., ಬಾಳಿಕೆ 10 ವರ್ಷ, ಆಮೇಲೆ ಬೆಲೆ ಇಲ್ಲ. ವರ್ಷಕ್ಕೆ ಸವಕಳಿ 5,000.” ಎಡಗಡೆ ಪ್ರಶ್ನೆ: “ಮಗ್ಗ ಹಳೇದಾದಂಗ ಲೆಕ್ಕದಾಗ ಏನ್ ಬರೀಬೇಕು?” ತನ್ನ ಮಾತಿನಲ್ಲಿ ಬರೆಯಲು ಮೊದಲು ತಿಳಿಯಲೇಬೇಕು. ತಿಳಿಯದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮರುದಿನ ಸರ್ ಅವರನ್ನು ಕೇಳಿದರಾಯಿತು. ಇಂಗ್ಲಿಷು ಪಾಠದ ನೋಟ್ಸು ಇಂಗ್ಲಿಷಿನಲ್ಲೇ ಇರಬೇಕೆಂಬ ಕಾಯ್ದೆ ಎಲ್ಲಿಯೂ ಇಲ್ಲ. ಪಾರಿಭಾಷಿಕ ಶಬ್ದ ಇಂಗ್ಲಿಷಿನದು ಇರಲಿ, ವಿವರಣೆ ಕನ್ನಡದ್ದಾಗಲಿ.

ಈಗ ಹಲಗೆಯ ಫೋಟೋ ಮೊಬೈಲಿನಲ್ಲಿ ಹೊಡೆದುಕೊಳ್ಳುವ ರೂಢಿ. ಚಿತ್ರ, ಕೋಷ್ಟಕಕ್ಕೆ ಅದು ಅನುಕೂಲವೇ. ಆದರೆ ಫೋಟೋ ಫೋನಿನಲ್ಲಿ ಉಳಿಯುತ್ತದೆ, ತಲೆಗೆ ಏರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವವರು ಕೇಳಿದ್ದನ್ನೇ ಶಬ್ದಶಃ ಇಳಿಸುತ್ತಾರೆ, ಅರ್ಥದ ಪ್ರಶ್ನೆಗಳಲ್ಲಿ ಹಿಂದೆ ಬೀಳುತ್ತಾರೆ ಎಂದು ಅಮೇರಿಕದಲ್ಲಿ 2014ರ ಒಂದು ಅಧ್ಯಯನ ಹೇಳಿತು. ಮುಂದೆ ಅದನ್ನೇ ಮತ್ತೆ ಪರೀಕ್ಷಿಸಿದವರಿಗೆ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಅಂದಮೇಲೆ ಪೆನ್ನೋ ಯಂತ್ರವೋ ಎಂಬುದು ದೊಡ್ಡ ಮಾತಲ್ಲ. ಬರೆದದ್ದನ್ನು ಆಮೇಲೆ ಏನು ಮಾಡಿದರು ಎಂಬುದೇ ದೊಡ್ಡದು.

ಐದು ನಿಮಿಷದ ಖರ್ಚು

ಗದುಗಿನ ಕುಮಾರವ್ಯಾಸ ಹಲಗೆಯ ಮೇಲೆ ಕರಡು ಗೀಚದೆ, ಇಟ್ಟ ಪದ ಅಳಿಸದೆ ಭಾರತ ಬರೆದೆನೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅದು ಮಹಾಕವಿಯ ಮಾತು. ಉಳಿದವರಿಗೆ ಕರಡೂ ಬೇಕು, ತಿದ್ದುವುದೂ ಬೇಕು.

ಕಾಲೇಜುಗಳು ವರ್ಷದ ಆರಂಭದಲ್ಲಿ ಒಂದೇ ಒಂದು ಪೀರಿಯಡ್ ಇದಕ್ಕೆ ಕೊಟ್ಟರೆ ಸಾಕು. ಉಪನ್ಯಾಸಕರು ಕೊನೆಯ ಐದು ನಿಮಿಷ ಬಿಟ್ಟುಕೊಟ್ಟು, “ಇವತ್ತಿನ ಪಾಠ ಎರಡು ಸಾಲಿನಾಗ ಬರೀರಿ” ಎಂದರೆ ಯಾರಿಗೆ ತಿಳಿಯಿತು, ಯಾರಿಗಿಲ್ಲ ಎಂಬುದು ಅಲ್ಲೇ ಬಯಲು. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ.

ಊರಿಗೆ ಮರಳುವ ಬಸ್ಸಿನಲ್ಲಿ ನಿಂತು ಬರೆಯಲಾಗದು, ನಿಜ. ಆದರೆ ಎಡಗಡೆಯ ನಾಲ್ಕು ಪ್ರಶ್ನೆ ನೆನೆಸಿಕೊಂಡು ಮನಸ್ಸಿನಲ್ಲೇ ಉತ್ತರ ಹೇಳಲು ಸೀಟು ಸಿಗಬೇಕೆಂದಿಲ್ಲ. ಇಂಗ್ಲಿಷು ಬಾರದ ತಂದೆ-ತಾಯಿಗೂ ಇಲ್ಲಿ ಕೆಲಸವಿದೆ. “ಎಷ್ಟ್ ಮಾರ್ಕ್ಸ್ ಬಂದಾವು?” ಎಂದು ವರ್ಷಕ್ಕೊಮ್ಮೆ ಗದರುವುದಕ್ಕಿಂತ ದಿನಾ ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿದರೆ ಸಾಕು: “ಇವತ್ತಿಂದು ಖತಾವಣಿ ಆತೇನಪಾ?”