ಸತ್ತವಳು ಮಡಿಕೇರಿ ಹೋಟೆಲಿನಲ್ಲಿ ಸಿಕ್ಕಳು!

ಕೋರ್ಟ್ ಸೀನು ಬಂತೆಂದರೆ ಥಿಯೇಟರಿನಲ್ಲಿ ಪಿನ್‌ಡ್ರಾಪ್ ಸೈಲೆನ್ಸು. ಕರಿಕೋಟಿನ ಲಾಯರು ಬೆರಳು ತೋರಿಸಿ ಗುಡುಗುತ್ತಾನೆ. ಕಟಕಟೆಯಲ್ಲಿ ನಿಂತವನ ಹಣೆ ತುಂಬ ಬೆವರು. ಕ್ಯಾಮೆರಾ ಹತ್ತಿರ ಹತ್ತಿರ ಬರುತ್ತೆ... "ಹೌದು ಸ್ವಾಮೀ, ನಾನೇ ಕೊಂದೆ!" ಗಾಂಧಿಕ್ಲಾಸಿನಿಂದ ಶಿಳ್ಳೆ. ಸತ್ಯ ಗೆದ್ದಿತು, ಶುಭಂ!

ಆದರೆ ಓದುಗ ಮಹಾಶಯರೇ, "ನಾನೇ ಕೊಂದೆ" ಎಂದವನು ಕೊಂದೇ ಇಲ್ಲದಿದ್ದರೆ? ಕೊಲೆಯಾದವಳು ಎಲ್ಲೋ ಆರಾಮವಾಗಿ ಬದುಕಿದ್ದರೆ? ಇದು ಯಾವ ನಿರ್ಮಾಪಕರ ಹೊಸ ಚಿತ್ರದ ಕಥೆಯೂ ಅಲ್ಲ. ನಮ್ಮ ಕೊಡಗಿನಲ್ಲೇ ನಡೆದದ್ದು.

ಗಂಡ ಜೈಲಿಗೆ, ಹೆಂಡತಿ ಎಲ್ಲಿಗೆ?

ಕುಶಾಲನಗರ ಕಡೆಯ ಒಬ್ಬ ಆದಿವಾಸಿ ಕೂಲಿಗಾರ. 2020ರ ಕೊನೆಗೆ ಅವನ ಹೆಂಡತಿ ಕಾಣೆಯಾದಳು. ಹುಡುಕಿ ಸೋತು, ಅವನೇ ಹೋಗಿ ಪೊಲೀಸರಿಗೆ ದೂರು ಕೊಟ್ಟ. ಅಷ್ಟರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಹೆಂಗಸೊಬ್ಬಳ ಅಸ್ಥಿಪಂಜರ ಸಿಕ್ಕಿತು. ಇಲ್ಲೊಬ್ಬಳು ಕಾಣೆ, ಅಲ್ಲೊಂದು ಅಸ್ಥಿಪಂಜರ. ಎರಡನ್ನೂ ಸೇರಿಸಿ ಗಂಟು ಹಾಕಿದರು. ದೂರು ಕೊಟ್ಟವನೇ ಆರೋಪಿಯಾದ! ಹಿಂಸೆ ಕೊಟ್ಟು ಒಪ್ಪಿಸಿದರು ಅಂತ ಆತ ಆಮೇಲೆ ಹೇಳಿಕೊಂಡ. ವರ್ಷಕ್ಕೂ ಮಿಕ್ಕಿ ಜೈಲು. ಡಿ.ಎನ್.ಎ. ವರದಿ ಬಂತು. ಎಲುಬು ಆಕೆಯದಲ್ಲ! ಆದರೂ ಕೇಸು ನಿಲ್ಲಲಿಲ್ಲ.

2025ರ ಏಪ್ರಿಲ್ ತಿಂಗಳು. ಮಡಿಕೇರಿಯ ಒಂದು ಹೋಟೆಲಿನಲ್ಲಿ "ಸತ್ತವಳು" ಕೂತಿದ್ದಾಳೆ! ಗುರುತಿನವರು ಕಂಡು ಸುದ್ದಿ ಮುಟ್ಟಿಸಿದರು. ಮೈಸೂರಿನ ಸೆಷನ್ಸ್ ಕೋರ್ಟಿಗೆ ಆಕೆಯನ್ನೇ ಕರೆತಂದು ನಿಲ್ಲಿಸಿದರು. ಅದೇ ತಿಂಗಳು ಆತನ ಬಿಡುಗಡೆಯಾಯಿತು. ಗೃಹ ಇಲಾಖೆಯಿಂದ 1 ಲಕ್ಷ ರೂಪಾಯಿ ಪರಿಹಾರ, ತಪ್ಪಿತಸ್ಥ ಪೊಲೀಸರ ಮೇಲೆ ಕ್ರಮ ಅಂತ ಕೋರ್ಟು ಆದೇಶಿಸಿತು.

ಕಾಮಾಲೆ ಕಣ್ಣು

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ತಾರೆಯೇ ಅಂತ ಕೇಳಬಹುದು. ಒಪ್ಪಿಕೊಳ್ತಾರೆ ಸ್ವಾಮೀ! ನಿದ್ದೆಗೆಡಿಸಿ, ಹೆದರಿಸಿ, ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿದರೆ ಮನುಷ್ಯನಿಗೆ ನಾಳೆಯ ಶಿಕ್ಷೆಗಿಂತ ಈ ಗಳಿಗೆಯ ಬಿಡುಗಡೆ ದೊಡ್ಡದಾಗಿ ಕಾಣುತ್ತೆ. "ಈಗ ಹೂಂ ಅಂದುಬಿಡೋಣ, ಸತ್ಯ ಹೇಗೂ ಹೊರಗೆ ಬರುತ್ತೆ" ಅಂದುಕೊಳ್ಳುತ್ತಾನೆ. ಅಮೆರಿಕದಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಇಂಥ ಸುಳ್ಳು ತಪ್ಪೊಪ್ಪಿಗೆ ಇತ್ತು.

ತನಿಖೆ ಮಾಡುವವರ ಮನಸ್ಸೂ ಮನಸ್ಸೇ ತಾನೆ? "ಇವನೇ" ಅಂತ ಒಮ್ಮೆ ತೀರ್ಮಾನಿಸಿದ ಮೇಲೆ, ಹೊಂದುವ ಸುಳಿವು ಮಾತ್ರ ಕಾಣುತ್ತೆ, ಹೊಂದದ್ದು ಕಣ್ಣಿಗೆ ಬೀಳೋದಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ!

ಒಡೆಯದ ಗಾಜು ಕಂಡವರು

ಹೋಗಲಿ, ಕಣ್ಣಾರೆ ಕಂಡ ಸಾಕ್ಷಿ? ಇಲ್ಲೊಂದು ಸ್ವಾರಸ್ಯ ಕೇಳಿ. ಎಲಿಜಬೆತ್ ಲಾಫ್ಟಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಆಕೆಯ ಸಹೋದ್ಯೋಗಿ 1974ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾರುಗಳು ಡಿಕ್ಕಿಯಾಗುವ ಪುಟ್ಟ ಚಿತ್ರ ತೋರಿಸಿ, 50 ಜನರಿಗೆ "ಕಾರುಗಳು ತಾಗಿದಾಗ ಎಷ್ಟು ವೇಗವಿತ್ತು?" ಅಂತ ಕೇಳಿದರು. ಇನ್ನು 50 ಜನರಿಗೆ "ಅಪ್ಪಳಿಸಿದಾಗ" ಅಂತ ಕೇಳಿದರು. ಅಪ್ಪಳಿಸಿದ ಗುಂಪು ವೇಗವನ್ನು ಹೆಚ್ಚು ಹೇಳಿತು. ಒಂದು ವಾರ ಬಿಟ್ಟು "ಒಡೆದ ಗಾಜು ನೋಡಿದಿರಾ?" ಅಂದರೆ, ತಾಗಿದ ಗುಂಪಿನಲ್ಲಿ 7 ಜನ, ಅಪ್ಪಳಿಸಿದ ಗುಂಪಿನಲ್ಲಿ 16 ಜನ "ನೋಡಿದೆವು" ಅಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಪ್ರಶ್ನೆಯ ಒಂದೇ ಒಂದು ಪದ ನೆನಪನ್ನು ತಿದ್ದಿಬಿಟ್ಟಿತ್ತು. ಅವರು ಸುಳ್ಳುಗಾರರಲ್ಲ, ಪ್ರಾಮಾಣಿಕವಾಗಿ ನಂಬಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ಸತ್ಯ ಕಕ್ಕಿಸುವ ಸೂಜಿ

ಹಾಗಾದರೆ ಮಂಪರು ಪರೀಕ್ಷೆ ಇದೆಯಲ್ಲ ಅಂತೀರಾ? ಒಂದು ಕಾಲಕ್ಕೆ ಅದಕ್ಕೆ ದೇಶದಲ್ಲೆಲ್ಲ ಹೆಸರಾಗಿದ್ದುದು ನಮ್ಮ ಬೆಂಗಳೂರೇ. ಛಾಪಾ ಕಾಗದದ ತೆಲಗಿಯನ್ನೂ ಈ ಪರೀಕ್ಷೆಗೆ ಒಳಪಡಿಸಿದ್ದರು. ಆದರೆ ಮಂಪರಿನಲ್ಲಿ ನಿಜವೂ ಬರುತ್ತೆ, ಕನಸೂ ಬರುತ್ತೆ, ಕೇಳುವವರಿಗೆ ಬೇಕಾದದ್ದೂ ಬರುತ್ತೆ. ಯಾವುದು ಯಾವುದು ಅಂತ ವಿಂಗಡಿಸೋದು ಹೇಗೆ? "ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ" ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪು ಕೊಟ್ಟಿತು: ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮಿದುಳಿನ ನಕ್ಷೆ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡಕೂಡದು.

ಮತ್ತೇನು ದಾರಿ?

ಕಾನೂನಿಗೆ ಈ ಗುಟ್ಟು ಹಳೆಯದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ ಅಂತ 1872ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನೇ ಹೇಳುತ್ತೆ. ಮ್ಯಾಜಿಸ್ಟ್ರೇಟರು ಕೂಡ "ನೀನು ಹೇಳಲೇಬೇಕೆಂದಿಲ್ಲ" ಅಂತ ತಿಳಿಸಿಯೇ ತಪ್ಪೊಪ್ಪಿಗೆ ಬರೆದುಕೊಳ್ಳಬೇಕು. ವಿಚಾರಣೆ ನಡೆಸುವ ಕೋಣೆಗಳಲ್ಲೂ ಮಾತು ಸಹಿತ ದಾಖಲಿಸುವ ಕ್ಯಾಮೆರಾ ಇರಬೇಕು ಅಂತ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಇಂಗ್ಲೆಂಡಿನಲ್ಲಂತೂ 1990ರ ದಶಕದಿಂದ ಪೊಲೀಸರಿಗೆ ಬೇರೆಯದೇ ಪಾಠ. ಒಪ್ಪಿಸೋದು ಬಿಡಿ, ಆರೋಪಿ ತಾನಾಗಿ ಹೇಳಲಿ, ಹೇಳಿದ್ದನ್ನು ತಾಳೆ ನೋಡಿ ಅಂತ.

ಮನಶ್ಶಾಸ್ತ್ರದ ನಿಜವಾದ ಕೆಲಸ ಇದೇ. ಬಾಯಿ ಬಿಡಿಸುವ ಮಂತ್ರ ಅದರ ಹತ್ತಿರ ಇಲ್ಲ. ಹೆದರಿದ ಬಾಯಿ, ಮರೆತ ಕಣ್ಣು, ಅವಸರದ ತೀರ್ಮಾನ... ಈ ಮೂರನ್ನೂ ಸುಲಭಕ್ಕೆ ನಂಬಬೇಡಿ ಅಂತ ಎಚ್ಚರಿಸೋದು ಅದಕ್ಕೆ ಗೊತ್ತು.

ಆ ಹೋಟೆಲಿನಲ್ಲಿ ಆ ದಿನ ಗುರುತಿನವರು ಯಾರೂ ಇಲ್ಲದಿದ್ದರೆ? ಯೋಚಿಸಿ ನೋಡಿ! ಪರದೆಯ ಮೇಲೆ "ನಾನೇ ಕೊಂದೆ" ಅಂದ ಕೂಡಲೇ ಕಥೆ ಮುಗಿಯುತ್ತೆ, ನಾವು ಎದ್ದು ಬಸ್ಸು ಹಿಡೀತೇವೆ. ಠಾಣೆಯಲ್ಲಿ ಆ ಮಾತು ಕೇಳಿದಾಗಲೇ ನಿಜವಾದ ತನಿಖೆ ಶುರುವಾಗಬೇಕು. ಏನಂತೀರಿ?