ಕುಟುಂಬದ ಆಯ-ವ್ಯಯ ಯೋಜನೆ: ಮಂಗಳೂರಿನ ಮಳೆಗಾಲ ಮತ್ತು ಉಳಿತಾಯ

ಮಂಗಳೂರು ನಗರವು ಭಾರತದ ಬ್ಯಾಂಕಿಂಗ್ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಸ್ಥಾಪಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಹಾಗೂ 1931ರಲ್ಲಿ ಎ.ಬಿ. ಶೆಟ್ಟಿ ಅವರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್ ಇದೇ ನಗರದಲ್ಲಿ ಆರಂಭಗೊಂಡವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಹೀಗಿದ್ದರೂ ಬ್ಯಾಂಕುಗಳ ಊರಿನಲ್ಲಿ ವಾಸಿಸಿದ ಮಾತ್ರಕ್ಕೆ ಮನೆಯ ಹಣಕಾಸು ತಾನಾಗಿ ಸುಸ್ಥಿತಿಯಲ್ಲಿರುವುದಿಲ್ಲ.

ದಿನಕ್ಕೆ ಎರಡಾಣೆ

ಸಣ್ಣ ಆದಾಯದವರ ಉಳಿತಾಯಕ್ಕೆ ಈ ಕರಾವಳಿಯು ನೀಡಿದ ದೊಡ್ಡ ಕೊಡುಗೆ ಪಿಗ್ಮಿ ಠೇವಣಿ. ನೇಕಾರರಿಗೆ ನೆರವಾಗುವ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ನಂತರ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಈ ಯೋಜನೆಯನ್ನು ಜಾರಿಗೆ ತಂದಿತು. (ಈ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿದೆ.) ಪ್ರತಿನಿಧಿಯು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ತಪ್ಪದೆ ಕಟ್ಟಿದವರಿಗೆ ವರ್ಷಾಂತ್ಯದಲ್ಲಿ ಬಡ್ಡಿಯ ಹೊರತಾಗಿಯೇ 45 ರೂಪಾಯಿ 10 ಆಣೆ ಕೂಡುತ್ತಿತ್ತು. ಯೋಜನೆಯ ಮರ್ಮವಿರುವುದು ಬಡ್ಡಿಯಲ್ಲಲ್ಲ. ಖರ್ಚಾಗಿ ಉಳಿದುದನ್ನು ಕೂಡಿಡುವ ಬದಲು, ಖರ್ಚಿಗೆ ಮೊದಲೇ ಒಂದು ಪಾಲನ್ನು ತೆಗೆದಿಡುವುದರಲ್ಲಿ.

ಜೂನ್ ತಿಂಗಳ ಸಂಕಟ

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬಂದರಿನ ದಕ್ಕೆಯಲ್ಲಿ ಬೋಟುಗಳು ಲಂಗರು ಹಾಕುತ್ತವೆ. ಬೋಟಿನ ಕಾರ್ಮಿಕರು, ಮೀನು ಹೊರುವವರು, ಮಂಜುಗಡ್ಡೆ ಘಟಕದವರು, ಬುಟ್ಟಿಯಲ್ಲಿ ಮೀನು ಮಾರುವ ಮಹಿಳೆಯರು, ಇವರೆಲ್ಲರ ಆದಾಯ ಒಮ್ಮೆಲೇ ಕುಸಿಯುತ್ತದೆ. ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರ, ಕೊಡೆ, ಸೋರುವ ಮಾಡಿನ ದುರಸ್ತಿ ಮುಂತಾದ ವೆಚ್ಚಗಳು ಎದುರಾಗುವುದೂ ಇದೇ ಸಮಯದಲ್ಲಿ. ಕಿವಿಯೋಲೆ ಅಡವಿಡುವ ಮನೆಗಳು ಅನೇಕ.

ಈ ಸಂಕಟ ಅನಿರೀಕ್ಷಿತವಲ್ಲವೆಂಬುದು ಗಮನಾರ್ಹ. ಹಿಂದಿನ ತಲೆಮಾರಿನವರು ಮಳೆಗಾಲಕ್ಕೆ ಮುನ್ನವೇ ಅಕ್ಕಿ, ಕಟ್ಟಿಗೆ, ಒಣಮೀನು, ಹಲಸಿನ ಹಪ್ಪಳ, ಉಪ್ಪಿನಕಾಯಿಗಳನ್ನು ಸಂಗ್ರಹಿಸಿ, ಆಟಿ ತಿಂಗಳ ಕೊರತೆಯನ್ನು ದಾಟುತ್ತಿದ್ದರು. ಕಾಗದದ ಮೇಲೆ ಬರೆಯದಿದ್ದರೂ ಅದು ಪರಿಪೂರ್ಣ ಆಯ-ವ್ಯಯ ಪತ್ರವೇ ಆಗಿತ್ತು. ಈಗ ಅಕ್ಕಿಯ ಜಾಗದಲ್ಲಿ ನಗದು ಬಂದಿದೆ. ಕೂಡಿಡುವ ಕ್ರಮ ಮಾತ್ರ ಅದರ ಜೊತೆಯಲ್ಲಿ ಬರಲಿಲ್ಲ.

ಉದಾಹರಣೆಗೆ, ಬೋಟಿನಲ್ಲಿ ದುಡಿಯುವ ಗಂಡ ಹಾಗೂ ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿಯ ಒಂದು ಕುಟುಂಬವನ್ನು ಪರಿಗಣಿಸಬಹುದು. ಗಂಡನ ಆದಾಯ ಹತ್ತು ತಿಂಗಳ ಕಾಲ ಸರಾಸರಿ 18,000 ರೂ., ಎರಡು ತಿಂಗಳು ಶೂನ್ಯ. ಹೆಂಡತಿಯದು ವರ್ಷವಿಡೀ ತಿಂಗಳಿಗೆ 4,000 ರೂ. ಈ ಕುಟುಂಬದ ಕೈಗೆ ಹತ್ತು ತಿಂಗಳು 22,000 ರೂ. ಬರುತ್ತದಾದರೂ ಅದರ ನಿಜವಾದ ಮಾಸಿಕ ಆದಾಯ 19,000 ರೂ. ಮಾತ್ರ. ವ್ಯತ್ಯಾಸದ 3,000 ರೂ., ಅಂದರೆ ದಿನಕ್ಕೆ 100 ರೂ., ಜೂನ್-ಜುಲೈಗೆ ಸೇರಿದ್ದು. ಹತ್ತು ತಿಂಗಳು ತೆಗೆದಿಟ್ಟರೆ 30,000 ರೂ. ಕೂಡುತ್ತದೆ, ಆ ಎರಡು ತಿಂಗಳುಗಳಲ್ಲಿ ತಲಾ 15,000 ರೂ. ಬಳಸಬಹುದು. ಶಾಲಾ ವೆಚ್ಚ 12,000 ರೂ. ಎಂದಿಟ್ಟುಕೊಂಡರೆ ದಿನಕ್ಕೆ ಇನ್ನೂ 40 ರೂ. ಬೇಕು. ಮೀನುಗಾರರಿಗಾಗಿ ರೂಪಿಸಲಾದ ಉಳಿತಾಯ-ಪರಿಹಾರ ಯೋಜನೆಯ ತತ್ವವೂ ಇದೇ: ದುಡಿಮೆಯ ದಿನಗಳಲ್ಲಿ ಉಳಿಸಿದ ಮೊತ್ತಕ್ಕೆ ಸರ್ಕಾರದ ಪಾಲು ಸೇರಿಸಿ, ದುಡಿಮೆಯಿಲ್ಲದ ದಿನಗಳಲ್ಲಿ ಹಿಂತಿರುಗಿಸುವುದು. ಅರ್ಹತೆಯ ವಿವರಗಳಿಗೆ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.

ಹಣದ ಬಗೆಗಿನ ಮನೋಭಾವ

ಲೆಕ್ಕ ತಪ್ಪುವುದಕ್ಕೆ ಗಣಿತದ ಅಜ್ಞಾನಕ್ಕಿಂತ ಸಂಕೋಚವೇ ಹೆಚ್ಚಾಗಿ ಕಾರಣ. ಸಾಲವನ್ನು ಮನೆಯವರಿಂದ ಮುಚ್ಚಿಡುವುದು, ನೆರೆಯವರು ಮೆಹೆಂದಿಗೆ ಪೆಂಡಾಲು ಹಾಕಿಸಿದರೆಂದು ತಾವೂ ಹಾಕಿಸುವುದು, ಋತುವಿನ ಆರಂಭದಲ್ಲಿ ಒಳ್ಳೆಯ ಮೀನು ಬಿದ್ದೊಡನೆ ಕಂತಿನಲ್ಲಿ ಮೊಬೈಲ್ ಕೊಳ್ಳುವುದು ಸಾಮಾನ್ಯ. ಇವರು ದುಂದುಗಾರರೆಂದು ತೀರ್ಪು ನೀಡುವುದು ಸರಿಯಲ್ಲ. ಏರಿಳಿತದ ಆದಾಯವುಳ್ಳವರಿಗೆ ಕೈಯಲ್ಲಿ ಹಣವಿದ್ದಾಗ ಸಂತೋಷಪಡುವ ಆಸೆ ಸಹಜ. ಆ ಸಂತೋಷಕ್ಕೂ ಲೆಕ್ಕದಲ್ಲಿ ಒಂದು ಸಾಲು ಮೀಸಲಿಡುವುದು ಸೂಕ್ತ. ಸಂಪೂರ್ಣ ನಿರ್ಬಂಧದ ಲೆಕ್ಕಪುಸ್ತಕ ಬಹುತೇಕ ಎರಡನೇ ವಾರವನ್ನು ಕಾಣುವುದಿಲ್ಲ. ಗಂಡ-ಹೆಂಡತಿ ವಾರಕ್ಕೊಮ್ಮೆ, ಬೀಡಿ ಮಜೂರಿ ಬರುವ ದಿನವೇ ಆಗಲಿ, ಒಟ್ಟಿಗೆ ಕುಳಿತು ಬರೆದರೆ ಸಾಕಾಗುತ್ತದೆ.

ಹಣ ಇಡುವಾಗ, ಸಾಲ ಪಡೆಯುವಾಗ

ಬ್ಯಾಂಕಿನಲ್ಲಿರುವ ಠೇವಣಿಗೆ ಪ್ರತಿ ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂ.ವರೆಗೆ ವಿಮೆ ಇರುತ್ತದೆ; ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇರುವುದಿಲ್ಲ. ಪಿಗ್ಮಿ ಸಂಗ್ರಹಿಸುವ ಅನೇಕ ಸಂಸ್ಥೆಗಳು ಸಂಘಗಳೇ ಆಗಿರುವುದರಿಂದ ಖಾತೆ ತೆರೆಯುವ ಮುನ್ನ ಇದನ್ನು ವಿಚಾರಿಸಿಕೊಳ್ಳತಕ್ಕದ್ದು. ಪ್ರತಿನಿಧಿ ಪರಿಚಿತನಾಗಿದ್ದರೂ ಪ್ರತಿ ಕಂತಿಗೆ ರಸೀದಿ ಪಡೆಯತಕ್ಕದ್ದು. ಅವಧಿಗೆ ಮುನ್ನ ಹಣ ತೆಗೆದರೆ ಕಡಿತವೆಷ್ಟೆಂಬುದನ್ನೂ ಕೇಳಿ ತಿಳಿಯಬೇಕು.

ಕೈಸಾಲದ ವಿಷಯದಲ್ಲಿ 'ನೂರಕ್ಕೆ ಮೂರು' ಎಂಬ ಮಾತು ಅಲ್ಪವೆನಿಸುತ್ತದೆ. ಅದು ತಿಂಗಳ ದರವಾದ್ದರಿಂದ ವರ್ಷಕ್ಕೆ ಶೇ. 36 ಆಗುತ್ತದೆ. 20,000 ರೂ. ಸಾಲಕ್ಕೆ ವರ್ಷದಲ್ಲಿ 7,200 ರೂ. ಬಡ್ಡಿ ತೆತ್ತ ಮೇಲೂ ಅಸಲು ಹಾಗೆಯೇ ಉಳಿದಿರುತ್ತದೆ. ಕಿರು ಸಾಲ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಜಾರಿಗೆ ಬಂದಿದ್ದು, ಕಿರುಕುಳಕ್ಕೆ ಒಳಗಾದವರು ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದಾಗಿದೆ. ಮೊಬೈಲ್ ಮೂಲಕ ಹಣ ವಂಚನೆಯಾದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.