ಕುದುರೆಯ ಬೆನ್ನೂ ಜೀನಿನ ಹೊಂದಿಕೆಯೂ

ಅಶ್ವಬಲದ ಇತಿಹಾಸವನ್ನು ಬರೆಯುವವರು ರಾವುತರ ಸಂಖ್ಯೆಯನ್ನೂ ಆಯುಧಗಳನ್ನೂ ಲೆಕ್ಕಿಸುವರು. ಕುದುರೆಯ ಬೆನ್ನನ್ನು ಗಮನಿಸುವುದು ವಿರಳ. ಆದರೆ ಬೆನ್ನು ಹುಣ್ಣಾದ ಕುದುರೆ ಬದುಕಿದ್ದರೂ ದಂಡಿನ ಪಾಲಿಗೆ ಇಲ್ಲದಂತೆಯೇ. ಆದುದರಿಂದ ಜೀನು ಬೆನ್ನಿಗೆ ಹೊಂದುವ ಬಗೆಯನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುವೆವು.

ಸವಾರನ ಭಾರವು ಬೆನ್ನೆಲುಬಿನ ಮೇಲೆ ಬೀಳಕೂಡದು. ಅದರ ಇಬ್ಬದಿಯ ಸ್ನಾಯುಗಳ ಮೇಲೆ ಸಮನಾಗಿ ಹರಡಬೇಕು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬುಗಳುಂಟು. ಒತ್ತಡವು ಕಡೆಯ ಪಕ್ಕೆಲುಬನ್ನು ದಾಟಿ ಸೊಂಟಕ್ಕೆ ತಾಗಬಾರದು. ಮುಂಗಡೆ ಹೆಗಲೆಲುಬಿನ ಚಲನೆಗೆ ಜೀನು ಅಡ್ಡಿಯಾಗಬಾರದು.

ತೊಡಕಿರುವುದು ಈ ಬೆನ್ನು ಸ್ಥಿರವಲ್ಲವೆಂಬುದರಲ್ಲಿ. ದೀರ್ಘ ಪ್ರಯಾಣದಲ್ಲಿ ಮೇವು ಸಾಲದೆ ಮೈ ಇಳಿದಾಗ ಸ್ನಾಯುಗಳು ಕುಗ್ಗಿ, ಕೊರಳ ಬುಡದ ಎಲುಬಿನ ಉಬ್ಬು ಎದ್ದು ಕಾಣುತ್ತದೆ. ಜೀನು ತಗ್ಗಿ ಅದಕ್ಕೆ ಉಜ್ಜುತ್ತದೆ. ಹುಲ್ಲುಗಾವಲಿನಲ್ಲಿ ಮೈ ತುಂಬಿದಾಗ ಅದೇ ಜೀನು ಇಕ್ಕಟ್ಟಾಗಿ, ಮೇಲೆದ್ದು ನಿಂತು ಓಲಾಡುತ್ತದೆ. ಮೊದಲನೆಯ ದೋಷವನ್ನು ಕಂಬಳಿಯ ಮಡಿಕೆ ಹೆಚ್ಚಿಸಿ ತಕ್ಕಮಟ್ಟಿಗೆ ತಿದ್ದಬಹುದು. ಎರಡನೆಯದಕ್ಕೂ ಅದೇ ಉಪಾಯವನ್ನು ಹೂಡುವುದು ಬಿಗಿಯಾದ ಕೆರದೊಳಗೆ ಬಟ್ಟೆ ತುರುಕಿದಂತೆ.

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಯುದ್ಧದಲ್ಲಿ ಬ್ರಿಟಿಷ್ ಸೇನೆಯು 3 ಲಕ್ಷಕ್ಕೂ ಮಿಕ್ಕ ಕುದುರೆಗಳನ್ನು ಕಳೆದುಕೊಂಡಿತು. ಗುಂಡಿಗಿಂತ ಹಸಿವು, ಆಯಾಸ, ರೋಗಗಳಿಗೆ ಬಲಿಯಾದವೇ ಹೆಚ್ಚು. ಹೀಗೆ ಸೊರಗಿದ ಬೆನ್ನುಗಳ ಮೇಲೆಯೇ ಜೀನು ಬಿಗಿಯಬೇಕಾಗಿದ್ದಿತು. ಬಳಿಕ ಬಂದ 1912ರ ಮಾದರಿಯ ಸೈನಿಕ ಜೀನಿನಲ್ಲಿ ಪಕ್ಕದ ಹಲಗೆಗಳನ್ನು ಉಕ್ಕಿನ ಕಮಾನುಗಳಿಗೆ ಅಲುಗದಂತೆ ಬಿಗಿಯದೆ, ತಿರುಗುಕೀಲುಗಳಿಂದ ಜೋಡಿಸಿದರು. ಬೆನ್ನಿನ ಇಳಿಜಾರು ಬದಲಾದಂತೆ ಹಲಗೆಗಳೂ ಹೊಂದಿಕೊಳ್ಳುವುವು.

ಜೀನನ್ನು ಆರಿಸುವವರು ಮೊದಲು ಹೊದಿಕೆಯಿಲ್ಲದ ಬರಿಬೆನ್ನಿನ ಮೇಲೆ ಅದನ್ನಿಟ್ಟು ಪರೀಕ್ಷಿಸಬೇಕು. ಸವಾರನು ಕುಳಿತ ಮೇಲೂ ಉಬ್ಬಿಗೂ ಕಮಾನಿಗೂ ನಡುವೆ ಎರಡು ಮೂರು ಬೆರಳು ನುಸುಳುವಷ್ಟು ಎಡೆಯಿರಬೇಕು. ಸವಾರಿಯ ತರುವಾಯ ಬೆವರಿನ ನಡುವೆ ಒಣಗಿದ ತಾಣವೊಂದು ಉಳಿದಿದ್ದರೆ, ಅಲ್ಲಿ ಒತ್ತಡ ಮಿತಿಮೀರಿದೆಯೆಂದು ಶಂಕಿಸಬೇಕು. ಜೀನಿನಡಿಯಲ್ಲಿ ಹೊಸದಾಗಿ ಮೂಡಿದ ಬಿಳಿಗೂದಲು ಹಿಂದಿನ ಗಾಯದ ಸಾಕ್ಷಿಯಾಗಿರಬಹುದು. ಈ ಪರೀಕ್ಷೆ ಒಂದು ಸಲಕ್ಕೆ ಮುಗಿಯದು. ಮೈಕಟ್ಟು ಬದಲಾದಾಗಲೆಲ್ಲ ಮರಳಿ ನಡೆಯಬೇಕು.

1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ರಾವುತರೊಡನೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಸಾಹಸವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅಂತಹ ಧಾವಣೆ ಕೆಲವು ಗಳಿಗೆಗಳ ಕಾರ್ಯ. ಅಲ್ಲಿಯವರೆಗೆ ಕುದುರೆಗಳನ್ನು ಬೆನ್ನು ಕೆಡದಂತೆ ತಂದು ನಿಲ್ಲಿಸುವುದು ದಿನದಿನದ ದುಡಿಮೆ. ಯುದ್ಧಚರಿತ್ರೆಯನ್ನು ಓದುವಾಗ ಆ ದುಡಿಮೆಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.